ಸಂಧಾನದ ದಾರಿ: ಗಿರಣಿಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಮನೆಗೆ

ಜಗಳವಿಲ್ಲದ ಮನೆಯಿಲ್ಲ, ತಕರಾರಿಲ್ಲದ ಕಚೇರಿಯಿಲ್ಲ. ಮನುಷ್ಯರು ಕೂಡಿ ಬಾಳುವಲ್ಲಿ ಮನಸ್ತಾಪ ಹುಟ್ಟುವುದು ಸಹಜ. ಹುಟ್ಟಿದ ಮನಸ್ತಾಪವನ್ನು ಬಗೆಹರಿಸಿಕೊಳ್ಳುವ ರೀತಿಯಲ್ಲಿಯೇ ಒಂದು ಸಮಾಜಕ್ಕೂ ಇನ್ನೊಂದು ಸಮಾಜಕ್ಕೂ ಇರುವ ಅಂತರ ತಿಳಿಯುತ್ತದೆ. ಕೋರ್ಟಿನ ಮೆಟ್ಟಿಲು ಹತ್ತಿದವರನ್ನು ಕುರಿತು 'ಗೆದ್ದವನು ಸೋತ, ಸೋತವನು ಸತ್ತ' ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಹಾಗೆಂದು ಅನ್ಯಾಯವನ್ನು ನುಂಗಿಕೊಂಡು ಬಾಯಿ ಮುಚ್ಚಿಕೊಂಡಿರಿ ಎಂದೂ ಅವರು ಹೇಳಲಿಲ್ಲ. ಈ ಎರಡರ ನಡುವೆ ಮೂರನೆಯ ದಾರಿಯೊಂದುಂಟು. ಅದರ ಹೆಸರು ಸಂಧಾನ.

ಕನ್ನಡಿಗರಾದ ನಮಗೆ ಈ ಮಾತು ಹೊಸದಲ್ಲ. ಊರಿನ ಬಯಲಿನಲ್ಲಿ ಬೆಳಗಾಗುವ ತನಕ ಕುಳಿತು 'ಕೃಷ್ಣ ಸಂಧಾನ' ಪ್ರಸಂಗವನ್ನು ನೋಡಿದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಅರ್ಧ ರಾಜ್ಯದ ಮಾತು ಐದು ಊರುಗಳಿಗೆ ಇಳಿದು ಬಂದರೂ ಆ ಸಂಧಾನ ಮುರಿದು ಬಿದ್ದಿತು. ಏಕೆ? ಸುಯೋಧನನ ಛಲವೇ ಕಾರಣವೆಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಅದು ನಿಜವೇ. ಆದರೆ ಇನ್ನೊಂದು ಕಾರಣವೂ ಉಂಟು. ಶ್ರೀಕೃಷ್ಣನು ಪಾಂಡವರ ಕಡೆಯಿಂದ ಬಂದ ದೂತನೇ ಹೊರತು ಇಬ್ಬರಿಗೂ ಸಮಾನನಾದ ಮಧ್ಯಸ್ಥನಾಗಿರಲಿಲ್ಲ. ಕೌರವರ ಸಭೆ ಅವನನ್ನು ಹಾಗೆಯೇ ಕಂಡಿತು. ಸಂಧಾನವೆಂಬುದು ಯಾವಾಗ ಫಲಿಸುತ್ತದೆ, ಯಾವಾಗ ಮುರಿಯುತ್ತದೆ ಎಂಬುದಕ್ಕೆ ಪುರಾಣವನ್ನು ಬಿಟ್ಟು ಚರಿತ್ರೆಯನ್ನು ನೋಡಿದರೆ ಹೆಚ್ಚಿನ ಬೆಳಕು ಸಿಕ್ಕೀತು. ನಾವಿರುವ ಈ ಮುಂಬಯಿ ನಗರ ಅಂಥ ಚರಿತ್ರೆಗೆ ದೊಡ್ಡ ಸಾಕ್ಷಿಯಾಗಿದೆ.

ಮೊದಲು ಮೂರು ಮಾತುಗಳನ್ನು ಬಿಡಿಸಿಕೊಳ್ಳೋಣ. ಅಧಿಕಾರವುಳ್ಳವರು ಎರಡೂ ಪಕ್ಷದ ವಾದ ಕೇಳಿ ಕಾನೂನಿನಂತೆ ಹೇಳುವುದು ನ್ಯಾಯತೀರ್ಪು. ಎರಡೂ ಪಕ್ಷದವರು ತಾವಾಗಿ ಒಬ್ಬನನ್ನು ಆರಿಸಿ 'ನೀನು ಹೇಳಿದಂತೆ ಕೇಳುತ್ತೇವೆ' ಎಂದು ಮಾತು ಕೊಟ್ಟು, ಅವನು ಹೇಳಿದುದಕ್ಕೆ ತಲೆಬಾಗುವುದು ಪಂಚಾಯಿತಿ. ಮೂರನೆಯದು ಸಂಧಾನ. ಇಲ್ಲಿ ನಡುವೆ ಕುಳಿತವನಿಗೆ ತೀರ್ಪು ಕೊಡುವ ಹಕ್ಕೇ ಇಲ್ಲ. ಅವನು ಕೇಳುತ್ತಾನೆ, ಕೇಳಿಸುತ್ತಾನೆ, ದಾರಿ ತೋರಿಸುತ್ತಾನೆ. ಒಪ್ಪುವುದೂ ಬಿಡುವುದೂ ಜಗಳವಾಡುವವರ ಕೈಯಲ್ಲಿಯೇ ಉಳಿಯುತ್ತದೆ. ಅಧಿಕಾರವಿಲ್ಲದಿರುವುದೇ ಅವನ ಬಲ. ಈ ಮೂರನ್ನೂ ಒಂದೇ ಎಂದು ಬಗೆದುದರಿಂದ ಆದ ಕೆಡುಕು ಸ್ವಲ್ಪವಲ್ಲ.

ಕಲ್ಯಾಣದಲ್ಲಿ ಬರೆದ ಮಾತು

ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126), ಈಗ ಬಸವಕಲ್ಯಾಣವೆನಿಸಿರುವ ಕಲ್ಯಾಣ ನಗರದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನು. ಅಣ್ಣತಮ್ಮಂದಿರ ಆಸ್ತಿ ಪಾಲಿನ ಮೊಕದ್ದಮೆಗಳಲ್ಲಿ ಈ ಗ್ರಂಥದ ಹೆಸರು ನಮ್ಮ ಕೋರ್ಟುಗಳಲ್ಲಿ ಎಷ್ಟು ಸಲ ಕೇಳಿಬಂದಿದೆಯೋ ಲೆಕ್ಕವಿಲ್ಲ. ಆದರೆ ಅದೇ ಗ್ರಂಥದಲ್ಲಿ ರಾಜನ ನ್ಯಾಯಸಭೆಗೆ ಹೋಗುವ ಮೊದಲೇ ವ್ಯವಹಾರ ತೀರಿಸಬಲ್ಲ ಮೂರು ಕೂಟಗಳ ವಿವರವಿದೆ ಎಂಬುದು ಅಷ್ಟಾಗಿ ನೆನಪಿನಲ್ಲಿಲ್ಲ. ಮೊದಲನೆಯದು 'ಕುಲ', ಎಂದರೆ ಬಂಧುಬಳಗದವರ ಕೂಟ. ಎರಡನೆಯದು 'ಶ್ರೇಣಿ', ಎಂದರೆ ನೇಕಾರರು, ಎಲೆ ಮಾರುವವರು, ಚರ್ಮದ ಕೆಲಸದವರು ಮುಂತಾಗಿ ಒಂದೇ ಕಸುಬಿನವರ ಕೂಟ. ಮೂರನೆಯದು 'ಪೂಗ'. ಬೇರೆ ಬೇರೆ ಜಾತಿಯವರೂ ಬೇರೆ ಬೇರೆ ವೃತ್ತಿಯವರೂ ಆಗಿದ್ದು ಒಂದೇ ಸ್ಥಳದಲ್ಲಿ ವಾಸಿಸುವವರ ಸಮೂಹವೇ ಪೂಗವೆಂದು ವಿಜ್ಞಾನೇಶ್ವರನು ಬಿಡಿಸಿ ಹೇಳಿದ್ದಾನೆ. ಕುಲದಲ್ಲಿ ಸಮಾಧಾನವಾಗದಿದ್ದರೆ ಶ್ರೇಣಿಗೆ, ಅಲ್ಲಿಯೂ ಆಗದಿದ್ದರೆ ಪೂಗಕ್ಕೆ, ಕೊನೆಗೆ ರಾಜನು ನೇಮಿಸಿದ ಅಧಿಕಾರಿಗಳ ಬಳಿಗೆ ಹೋಗಬಹುದಾಗಿತ್ತು.

ಈ ಕೂಟಗಳು ಹೇಳುತ್ತಿದ್ದುದು ತೀರ್ಪೇ ಹೊರತು ಶುದ್ಧ ಸಂಧಾನವಲ್ಲ, ದಿಟ. ಆದರೂ ಜಗಳವನ್ನು ಬಲ್ಲವರ ನಡುವೆಯೇ, ಜಗಳ ಹುಟ್ಟಿದ ಸ್ಥಳದಲ್ಲಿಯೇ ತೀರಿಸಬೇಕೆಂಬ ವಿವೇಕ ಅಲ್ಲಿದ್ದಿತು.

ಇಂಗ್ಲಿಷರು ಬಂದ ಮೇಲೆ ಈ ಪದ್ಧತಿಯ ಮೇಲೆ ಇಬ್ಬರು ಅಧಿಕಾರಿಗಳ ಕಣ್ಣು ಬಿದ್ದಿತು. ಕೆನರಾ ಜಿಲ್ಲೆಯಲ್ಲಿಯೂ ಬಳ್ಳಾರಿಯ ಕಡೆಯಲ್ಲಿಯೂ ಕೆಲಸ ಮಾಡಿದ ಥಾಮಸ್ ಮನ್ರೋ ಪಂಚಾಯಿತಿಯ ಪರವಾಗಿದ್ದರು. ಮದರಾಸು ಆಧಿಪತ್ಯದಲ್ಲಿ 1816ರ ಕಟ್ಟಳೆಗಳಿಂದ ಗ್ರಾಮ ಪಂಚಾಯಿತಿಗಳಿಗೆ ಕಾನೂನಿನ ಮನ್ನಣೆ ದೊರಕಿತು. 1818ರಲ್ಲಿ ಪೇಶ್ವೆಯ ರಾಜ್ಯ ಕಂಪೆನಿಯ ಕೈಸೇರಿದಾಗ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ನರು ದಖ್ಖಣದ ಪಂಚಾಯಿತಿಗಳನ್ನು ಉಳಿಸಿಕೊಳ್ಳಲು ನೋಡಿದರು. ಅದರ ಗುಣವನ್ನು ಬರೆದಂತೆ, ಕರೆದವರು ಬಾರದಿರುವುದು, ಕೆಲಸ ಎಳೆದಾಡುವುದು ಮುಂತಾದ ದೋಷಗಳನ್ನೂ ಅವರು ಬರೆದಿಟ್ಟರು. ಆದರೂ ಜನ ಬರಬರುತ್ತ ಸರಕಾರಿ ಕೋರ್ಟಿನ ಕಡೆಗೇ ಹೊರಳಿದರು. ತೀರ್ಪನ್ನು ಜಾರಿಗೆ ತರುವ ಬಲ ಅಲ್ಲಿದ್ದಿತು. ಅದಲ್ಲದೆ, ಊರ ಪ್ರಮುಖರ ಎದುರು ತಲೆಯೆತ್ತಿ ಮಾತಾಡಲಾಗದ ಬಡವನಿಗೂ ಕೆಳಗೆ ತಳ್ಳಲ್ಪಟ್ಟವನಿಗೂ ದೂರದ ಕೋರ್ಟೇ ಹತ್ತಿರವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಹಳೆಯದೆಲ್ಲವೂ ಚಿನ್ನವೆಂದು ಹಾಡುವವರು ಇದನ್ನು ಮರೆಯಬಾರದು.

ಅಹಮದಾಬಾದಿನ ಇಪ್ಪತ್ತೇಳೂವರೆ

ಹೊಸ ಕಾಲದ ಕೈಗಾರಿಕಾ ಸಂಧಾನಕ್ಕೆ ಮೊದಲ ದೊಡ್ಡ ಪಾಠಶಾಲೆ ಅಹಮದಾಬಾದು. 1917ರಲ್ಲಿ ಆ ನಗರಕ್ಕೆ ಪ್ಲೇಗು ಬಂದಿತು. ನೇಯ್ಗೆಯವರು ಊರು ಬಿಟ್ಟು ಓಡದಿರಲೆಂದು ಗಿರಣಿ ಮಾಲೀಕರು ಸಂಬಳದ ಮೇಲೆ ದೊಡ್ಡ 'ಪ್ಲೇಗ್ ಬೋನಸ್' ಕೊಟ್ಟರು. ಪ್ಲೇಗು ಇಳಿಯಿತು, ಮಾಲೀಕರು ಬೋನಸ್ಸನ್ನು ನಿಲ್ಲಿಸಹೊರಟರು. ಆದರೆ ಮಹಾಯುದ್ಧದ ಕಾರಣ ಕಾಳುಕಡ್ಡಿ, ಬಟ್ಟೆಬರೆಗಳ ಬೆಲೆ ಏರಿಯೇ ಇದ್ದಿತು. ಕಾರ್ಮಿಕರು ಶೇಕಡಾ 50 ಹೆಚ್ಚಿಗೆ ಕೇಳಿದರು. ಮಾಲೀಕರು ಶೇಕಡಾ 20ಕ್ಕಿಂತ ಮೇಲೆ ಹೋಗಲೊಲ್ಲೆವೆಂದರು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಬೆಂಬಲಕ್ಕೆ ನಿಂತವರು ಅವರ ಸ್ವಂತ ಅಕ್ಕ ಅನಸೂಯಾಬೆನ್. ಮನೆಯ ಜಗಳವೂ ಗಿರಣಿಯ ಜಗಳವೂ ಇಲ್ಲಿ ಒಂದೇ ಹೊಸ್ತಿಲಲ್ಲಿ ಕೂಡಿದವು.

1918ರ ಫೆಬ್ರುವರಿಯಲ್ಲಿ ಒಂದು ಪಂಚಾಯಿತಿ ಮಂಡಳಿ ಏರ್ಪಟ್ಟಿತು. ಕಾರ್ಮಿಕರ ಪರವಾಗಿ ಗಾಂಧೀಜಿ, ವಲ್ಲಭಭಾಯಿ ಪಟೇಲ್ ಮತ್ತು ಶಂಕರಲಾಲ್ ಬ್ಯಾಂಕರ್. ಮಾಲೀಕರ ಪರವಾಗಿ ಮೂವರು. ಮೇಲೆ ಜಿಲ್ಲೆಯ ಕಲೆಕ್ಟರರು. ಮಂಡಳಿಯ ಕೆಲಸ ಮುಗಿಯುವ ಮೊದಲೇ ಕೆಲವು ಕಡೆ ಕಾರ್ಮಿಕರು ಕೆಲಸ ನಿಲ್ಲಿಸಿದರು. ಇದೇ ನೆಪವಾಗಿ ಮಾಲೀಕರು ಮಂಡಳಿಯಿಂದ ಹೊರಗೆ ಬಂದರು. ಫೆಬ್ರುವರಿ 22ರಂದು ಗಿರಣಿಗಳ ಬಾಗಿಲಿಗೆ ಬೀಗ ಬಿದ್ದಿತು. ಗಾಂಧೀಜಿ ಮಾಡಿದ ಮೊದಲ ಕೆಲಸ ಭಾಷಣವಲ್ಲ, ಲೆಕ್ಕ. ಮುಂಬಯಿಯ ಗಿರಣಿಗಳ ಕೂಲಿಯ ದರ, ಅಹಮದಾಬಾದಿನ ಗಿರಣಿಗಳ ಸ್ಥಿತಿಗತಿ, ಬೆಲೆಯೇರಿಕೆ ಇವನ್ನೆಲ್ಲ ವಿಚಾರಿಸಿ, 50 ಹೆಚ್ಚಾಯಿತು, 35 ನ್ಯಾಯವಾದುದು ಎಂದು ಕಾರ್ಮಿಕರಿಗೇ ಹೇಳಿದರು. ತನ್ನ ಪಕ್ಷದವರ ಬೇಡಿಕೆಯನ್ನು ಮೊದಲು ತಾನೇ ತೂಗಿ ನೋಡುವವನ ಮಾತಿಗೆ ಎದುರು ಪಕ್ಷದಲ್ಲಿಯೂ ಬೆಲೆ ಬರುತ್ತದೆ.

ಕಾರ್ಮಿಕರು 35ಕ್ಕೆ ಕಡಮೆಯಾದರೆ ಕೆಲಸಕ್ಕೆ ಹೋಗುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಮಾಲೀಕರು 20ಕ್ಕಿಂತ ಹೆಚ್ಚು ಕೊಡುವುದಿಲ್ಲವೆಂದು ಪಣತೊಟ್ಟರು. ದಿನ ಕಳೆದಂತೆ ಹಸಿವು ಕಾಡಿತು, ಕಾರ್ಮಿಕರ ಬಲ ಕುಗ್ಗತೊಡಗಿತು. ಮಾರ್ಚ್ 15ರಂದು ಗಾಂಧೀಜಿ ಉಪವಾಸ ಹಿಡಿದರು. ಮಾರ್ಚ್ 18ರಂದು ಒಪ್ಪಂದವಾಯಿತು. ಅದರ ರಚನೆಯನ್ನು ಲೆಕ್ಕದವರಾದ ನಾವು ಎಷ್ಟು ಸಲ ನೋಡಿದರೂ ಮೆಚ್ಚುತ್ತೇವೆ. ಮೊದಲನೆಯ ದಿನ ಶೇಕಡಾ 35: ಕಾರ್ಮಿಕರ ಪ್ರತಿಜ್ಞೆ ಉಳಿಯಿತು. ಎರಡನೆಯ ದಿನ 20: ಮಾಲೀಕರ ಪಣ ಉಳಿಯಿತು. ಮೂರನೆಯ ದಿನದಿಂದ ಎರಡರ ನಟ್ಟನಡುವಿನ 27½, ಅದೂ ಎರಡೂ ಪಕ್ಷ ಒಪ್ಪಿದ ಪಂಚರ ತೀರ್ಮಾನ ಬರುವ ತನಕ. ಪಂಚರಾಗಿ ಆರಿಸಲ್ಪಟ್ಟವರು ವಿದ್ವಾಂಸರಾದ ಆನಂದಶಂಕರ ಧ್ರುವ ಅವರು. ಅವರು ಅದೇ ವರ್ಷದ ಆಗಸ್ಟಿನಲ್ಲಿ 35 ಎಂದೇ ಹೇಳಿದರು.

ಇಲ್ಲಿ ಗಮನಿಸಬೇಕಾದ ಸಂಗತಿ ಎರಡು. ಮೊದಲನೆಯದಾಗಿ, ಯಾರ ಮುಖವೂ ಕೆಳಗಾಗಲಿಲ್ಲ. ಜಗಳದಲ್ಲಿ ಹಣಕ್ಕಿಂತ ಮಾನ ದೊಡ್ಡದಾಗಿ ನಿಲ್ಲುತ್ತದೆ. ಮಾನಕ್ಕೊಂದು ದಾರಿ ಮಾಡಿಕೊಟ್ಟರೆ ಹಣದ ಮಾತು ತಾನಾಗಿ ಹಗುರಾಗುತ್ತದೆ. ಎರಡನೆಯದಾಗಿ, ಮಾಲೀಕರು ತಮಗೆ ಬೇಕಾದವರೇ ಆಗಿದ್ದುದರಿಂದ ತಮ್ಮ ಉಪವಾಸ ಅವರ ಮೇಲೆ ಒತ್ತಾಯ ತಂದಿತೆಂಬ ದೋಷವನ್ನು ಗಾಂಧೀಜಿ ತಾವೇ ಆತ್ಮಕಥೆಯಲ್ಲಿ ತೋರಿಸಿದ್ದಾರೆ. ಒತ್ತಾಯದಿಂದ ಬಂದ ಒಪ್ಪಿಗೆಗೆ ಕುಂದುಂಟು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾರೆವು.

1920ರಲ್ಲಿ ಅಹಮದಾಬಾದಿನ ಕಾರ್ಮಿಕರ 'ಮಜೂರ್ ಮಹಾಜನ್' ಸಂಘ ಹುಟ್ಟಿತು. ಗಾಂಧೀಜಿ ಮತ್ತು ಮಾಲೀಕರ ಕಡೆಯ ಮಂಗಳದಾಸ ಗಿರಿಧರದಾಸರು ಸೇರಿ ಕಾಯಂ ಪಂಚಾಯಿತಿ ಏರ್ಪಟ್ಟಿತು. ಆ ಸಂಘದಲ್ಲಿ ಪಳಗಿದ ಗುಲ್ಜಾರಿಲಾಲ್ ನಂದಾ ಮತ್ತು ಖಂಡೂಭಾಯಿ ದೇಸಾಯಿ ಇಬ್ಬರೂ ಮುಂದೆ ಭಾರತ ಸರಕಾರದ ಕಾರ್ಮಿಕ ಮಂತ್ರಿಗಳಾದರು.

ಮುಂಬಯಿಯ ಪಾಠ

ಮುಂಬಯಿಯ ಕಥೆ ಬೇರೆ. 1928ರಲ್ಲಿ ಇಲ್ಲಿಯ ಗಿರಣಿಗಳು ಆರು ತಿಂಗಳು ನಿಂತವು. 1934ರಲ್ಲಿ ಮತ್ತೆ ದೊಡ್ಡ ಮುಷ್ಕರವಾಯಿತು. ಅದೇ ವರ್ಷ ಮುಂಬಯಿ ಸರಕಾರ ಕಾರ್ಮಿಕ ತಕರಾರುಗಳ ಸಂಧಾನಕ್ಕಾಗಿ ಕಾಯ್ದೆಯೊಂದನ್ನು ತಂದು ಲೇಬರ್ ಆಫೀಸರನನ್ನೂ ಸಂಧಾನಾಧಿಕಾರಿಯನ್ನೂ ನೇಮಿಸಿತು. 1938ರ ಕಾಯ್ದೆ ಇನ್ನೂ ಮುಂದೆ ಹೋಗಿ, ಸಂಧಾನದ ಮೆಟ್ಟಿಲು ಹತ್ತದೆ ಮಾಡಿದ ಮುಷ್ಕರ ಅಪರಾಧವೆಂದು ಸಾರಿತು. ಡಾ. ಅಂಬೇಡ್ಕರರು ಇದನ್ನು ಬಲವಾಗಿ ವಿರೋಧಿಸಿದರು. ಅದೇ ನವೆಂಬರ್ 7ರಂದು ಒಂದು ದಿನದ ಮುಷ್ಕರವೂ ನಡೆಯಿತು. ಕೆಲಸ ಬಿಡುವ ಹಕ್ಕನ್ನು ಕಸಿದುಕೊಂಡು ಮಾಡಿಸುವ ರಾಜಿ ರಾಜಿಯಾಗುವುದು ಹೇಗೆ ಎಂಬುದು ಅವರ ಆಕ್ಷೇಪದ ತಿರುಳು.

1946ರ ಮುಂಬಯಿ ಕೈಗಾರಿಕಾ ಸಂಬಂಧಗಳ ಕಾಯ್ದೆಯು ಒಂದು ಪ್ರದೇಶದ ಒಂದು ಉದ್ಯಮಕ್ಕೆ ಒಂದೇ ಪ್ರಾತಿನಿಧಿಕ ಸಂಘವನ್ನು ಮನ್ನಿಸುವ ಕ್ರಮವನ್ನು ಗಟ್ಟಿಗೊಳಿಸಿತು. ಅಹಮದಾಬಾದಿನಲ್ಲಿ ಇದು ನಡೆಯಿತು. ಅಲ್ಲಿ ಕಾರ್ಮಿಕರೂ ಮನ್ನಣೆ ಪಡೆದ ಸಂಘವೂ ಒಂದೇ ಆಗಿದ್ದರು. ಮುಂಬಯಿಯಲ್ಲಿ ಹಾಗಿರಲಿಲ್ಲ. 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದಾಗ, ಕಾನೂನಿನ ಮನ್ನಣೆ ಇದ್ದುದು ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘಕ್ಕೆ. ಕಾರ್ಮಿಕರು ನಂಬಿದವರಿಗೆ ಮೇಜಿನ ಬಳಿ ಕುರ್ಚಿಯಿಲ್ಲ, ಕುರ್ಚಿಯಿದ್ದವರ ಹಿಂದೆ ಕಾರ್ಮಿಕರಿಲ್ಲ. ಹೀಗಿರುವಾಗ ಸಂಧಾನ ಯಾರೊಡನೆ? ಮುಷ್ಕರ ವರ್ಷವನ್ನು ದಾಟಿ ನಡೆಯಿತು. ಅದು ಮುಗಿಯಿತೆಂದು ವಿಧ್ಯುಕ್ತವಾಗಿ ಸಾರಿದವರೇ ಇಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಪರೇಲು, ಲಾಲಬಾಗುಗಳಲ್ಲಿ ಹೊತ್ತು ಸಾರುತ್ತಿದ್ದ ಭೋಂಗಾ ನಿಂತುಹೋಯಿತು. ಗಿರಣಿಗಳನ್ನೇ ನೆಚ್ಚಿಕೊಂಡಿದ್ದ ಖಾನಾವಳಿಗಳೂ ಅಂಗಡಿಗಳೂ ಸೊರಗಿದವು. ಮಾಲೀಕರ ಹಟ, ಮುಂದಾಳುಗಳ ಹಟ, ಹಳತಾದ ಯಂತ್ರಗಳು, ಬೆಲೆಯೇರಿದ ನೆಲ ಎಂದು ಕಾರಣಗಳನ್ನು ಎಷ್ಟಾದರೂ ಹೇಳಬಹುದು. ಆದರೆ ಸಂಧಾನದ ದೃಷ್ಟಿಯಿಂದ ಕಲಿಯಬೇಕಾದುದು ಇಷ್ಟೆ: ನೊಂದವನ ನಿಜವಾದ ಪ್ರತಿನಿಧಿ ಎದುರಿಗೆ ಕೂಡದ ಹೊರತು ಎಂಥ ಸಂಧಾನವೂ ನಡೆಯಲಾರದು.

ಅವಾರ್ಡಿನಿಂದ ಒಪ್ಪಂದಕ್ಕೆ

ಇನ್ನು ನಮ್ಮ ಬ್ಯಾಂಕುಗಳ ಮಾತು. ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಬ್ಯಾಂಕುಗಳು ಮುಂಬಯಿಗೆ ಕರೆತಂದ ಕನ್ನಡದ ಹುಡುಗರ ಮಕ್ಕಳು, ಮೊಮ್ಮಕ್ಕಳು ಈ ಸ್ಮರಣ ಸಂಚಿಕೆಯ ಓದುಗರಲ್ಲಿ ಬಹಳ ಮಂದಿ ಇರುವುದರಿಂದ ಇದನ್ನು ತುಸು ವಿವರವಾಗಿ ಹೇಳುವೆವು. ಗುಮಾಸ್ತರನ್ನೂ ಜವಾನರನ್ನೂ ಬ್ಯಾಂಕುಗಳಲ್ಲಿ ಇಂದಿಗೂ 'ಅವಾರ್ಡ್ ಸ್ಟಾಫ್' ಎನ್ನುತ್ತಾರೆ. ಹೊಸದಾಗಿ ಸೇರಿದ ಹುಡುಗರು ಇದೇನೋ ಬಹುಮಾನವಿರಬೇಕೆಂದು ತಿಳಿಯುವುದುಂಟು! ಅವಾರ್ಡ್ ಎಂದರೆ ಇಲ್ಲಿ ನ್ಯಾಯಮಂಡಳಿಯ ತೀರ್ಪು.

1946ರಲ್ಲಿ ಅಖಿಲ ಭಾರತ ಬ್ಯಾಂಕ್ ನೌಕರರ ಸಂಘ ಹುಟ್ಟಿತು. 1947ರಲ್ಲಿ ಕೈಗಾರಿಕಾ ತಕರಾರುಗಳ ಕಾಯ್ದೆ ಬಂದಿತು. 1949ರಲ್ಲಿ ಸರಕಾರ ಸೇನ್ ನ್ಯಾಯಮಂಡಳಿಯನ್ನು ನೇಮಿಸಿತು. 1950ರಲ್ಲಿ ಅದರ ತೀರ್ಪು ಹೊರಬಿದ್ದಿತು. ಆದರೆ ಮಂಡಳಿಯ ಸದಸ್ಯರೊಬ್ಬರು ನಡುವೆ ಬೇರೆ ಕೆಲಸಕ್ಕೆ ಹೋಗಿ ಬಂದುದರಿಂದ ಮಂಡಳಿಯ ರಚನೆಯೇ ಕ್ರಮಬದ್ಧವಲ್ಲವೆಂದು 1951ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಮತ್ತೆ ಮೊದಲಿನಿಂದ! 1952ರಲ್ಲಿ ಶಾಸ್ತ್ರಿ ನ್ಯಾಯಮಂಡಳಿ, 1953ರಲ್ಲಿ ಅದರ ತೀರ್ಪು, 1954ರಲ್ಲಿ ಮೇಲ್ಮನವಿಯ ತೀರ್ಮಾನ. ಆ ತೀರ್ಮಾನವನ್ನು ಸರಕಾರ ತಿದ್ದಿದಾಗ ಕಾರ್ಮಿಕ ಮಂತ್ರಿಗಳಾಗಿದ್ದ ವಿ. ವಿ. ಗಿರಿಯವರು ರಾಜೀನಾಮೆ ಕೊಟ್ಟು ಹೊರನಡೆದರು. ತೀರ್ಪಿನ ದಾರಿಗಿಂತ ಎರಡೂ ಪಕ್ಷ ಎದುರುಬದುರು ಕುಳಿತು ಮಾತಾಡಿ ಒಪ್ಪಿಕೊಳ್ಳುವುದೇ ಮೇಲೆಂದು ಹೇಳುತ್ತ ಬಂದವರು ಅವರು. ಅವರೇ 1965ರಿಂದ 1967ರ ತನಕ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದರು.

ಮುಂದೆ ಬ್ಯಾಂಕ್ ಅವಾರ್ಡ್ ಆಯೋಗದ ಕೆಲಸ ನ್ಯಾಯಮೂರ್ತಿ ಪಿ. ಬಿ. ಗಜೇಂದ್ರಗಡಕರರ ಪಾಲಿಗೆ ಬಂದಿತು. ಮನೆತನದ ಹೆಸರಿನಲ್ಲಿಯೇ ನಮ್ಮ ಗಜೇಂದ್ರಗಡವನ್ನು ಹೊತ್ತಿದ್ದ ಅವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಕೆಲಕಾಲ ಓದಿದವರು. 1955ರಲ್ಲಿ ಅವರ ವರದಿ ಬಂದು, ಅದರಂತೆ ಪಾರ್ಲಿಮೆಂಟು ಕಾಯ್ದೆ ಮಾಡಿತು. 1960ರಲ್ಲಿ ದೇಸಾಯಿ ನ್ಯಾಯಮಂಡಳಿ. 1962ರಲ್ಲಿ ಅದರ ತೀರ್ಪು. ಹೀಗೆ ಹದಿಮೂರು ವರ್ಷ ಗುಮಾಸ್ತನ ಸಂಬಳ ಕಡತದಿಂದ ಕಡತಕ್ಕೆ ಅಲೆಯಿತು. ಈ ತೀರ್ಪುಗಳಿಂದ ಲಾಭವಾಗಲಿಲ್ಲವೆಂದಲ್ಲ. ದೇಶದ ಉದ್ದಗಲಕ್ಕೂ ಒಂದು ಕ್ರಮ ಬಂದಿತು, ಮಾಲೀಕನ ಮರ್ಜಿಯ ಬದಲು ನಿಯಮ ನಿಂತಿತು. ಆದರೆ ಪ್ರತಿ ತೀರ್ಪಿನ ಬೆನ್ನಿಗೆ ಒಂದು ಮೇಲ್ಮನವಿ, ಪ್ರತಿ ಮೇಲ್ಮನವಿಯ ಬೆನ್ನಿಗೆ ಒಂದು ಆಂದೋಲನ.

ಕೊನೆಗೆ ಎರಡೂ ಕಡೆಯವರು ತೀರ್ಪಿಗೆ ಕಾಯದೆ ತಾವೇ ಎದುರೆದುರು ಕುಳಿತರು. 1966ರ ಅಕ್ಟೋಬರ್ 19ರಂದು ಮೊದಲ ದ್ವಿಪಕ್ಷೀಯ ಒಪ್ಪಂದಕ್ಕೆ ಸಹಿ ಬಿದ್ದಿತು. ಹಳೆಯ ತೀರ್ಪುಗಳಲ್ಲಿ ಎರಡೂ ಕಡೆಗೆ ಒಗ್ಗಿದ ಭಾಗಗಳನ್ನು ಹಾಗೆಯೇ ಉಳಿಸಿಕೊಂಡು, ಒಗ್ಗದಿದ್ದುದನ್ನು ಮಾತ್ರ ಬದಲಿಸಿಕೊಂಡದ್ದು ಅದರ ಜಾಣತನ. ಅಂದಿನಿಂದ 2024ರ ಮಾರ್ಚಿನಲ್ಲಿ ಸಹಿಯಾದ ಹನ್ನೆರಡನೆಯ ಒಪ್ಪಂದದ ತನಕ ಸಂಬಳದ ಮಾತು ಇದೇ ದಾರಿಯಲ್ಲಿ ತೀರುತ್ತ ಬಂದಿದೆ. ನಡುವೆ ಮುಷ್ಕರಗಳು ಆಗಲಿಲ್ಲವೇ? ಆಗಿವೆ. ತಡವಾಗಲಿಲ್ಲವೇ? ಆಗಿದೆ, 2022ರ ನವೆಂಬರಿನಿಂದ ಜಾರಿಯಾಗಬೇಕಾದುದಕ್ಕೆ 2024ರಲ್ಲಿ ಸಹಿ ಬಿದ್ದಿತು. ಆದರೂ ತಾವೇ ಸಹಿ ಮಾಡಿದ ಕಾಗದವನ್ನು ಹರಿದುಹಾಕಲು ಯಾರಿಗೂ ಮನಸ್ಸಾಗದು. ಮೇಲಿನಿಂದ ಬಂದ ತೀರ್ಪಿಗೂ ತಾನು ಒಪ್ಪಿದ ಮಾತಿಗೂ ಇರುವ ಭೇದ ಇದೇ.

ಸಂಬಳದ ದೊಡ್ಡ ಮಾತು ಹೀಗಾದರೆ, ಒಬ್ಬ ನೌಕರನ ಸಣ್ಣ ದೂರು ಏನಾಗಬೇಕು? ರಜೆ ಕೊಡಲಿಲ್ಲ, ಬಡ್ತಿ ತಪ್ಪಿತು, ಮೇಲಿನವರು ಎಲ್ಲರೆದುರು ಗದರಿದರು ಎಂಬಂಥವು ಮನಸ್ಸಿನಲ್ಲಿ ಕೊಳೆತು ದೊಡ್ಡದಾಗುವ ದೂರುಗಳು. 2025ರ ನವೆಂಬರ್ 21ರಿಂದ ಜಾರಿಗೆ ಬಂದು 1947ರ ಕಾಯ್ದೆಯ ಸ್ಥಾನವನ್ನು ಹಿಡಿದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯು, 20 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಮಾಲೀಕರ ಮತ್ತು ನೌಕರರ ಸಮಸಂಖ್ಯೆಯ ಪ್ರತಿನಿಧಿಗಳುಳ್ಳ ದೂರು ಪರಿಹಾರ ಸಮಿತಿ ಇರಬೇಕೆಂದೂ 30 ದಿನಗಳೊಳಗೆ ಕೆಲಸ ಮುಗಿಸಬೇಕೆಂದೂ ಹೇಳುತ್ತದೆ. ನಮ್ಮ ಹುಡುಗರು ಕೆಲಸ ಮಾಡುವ ಸಣ್ಣ ಕಂಪೆನಿಗಳಲ್ಲಿ ಇಂಥ ಸಮಿತಿ ಇದೆಯೇ ಎಂದು ಒಮ್ಮೆ ಕೇಳಿ ನೋಡುವುದು ಒಳ್ಳೆಯದು.

ಮನೆಯ ಮಾತು

ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತ ನಮಗೆ ಇನ್ನೊಂದು ಬಗೆಯ ಜಗಳಗಳೂ ಕಣ್ಣಿಗೆ ಬೀಳುತ್ತವೆ. ತಂದೆ ತೀರಿಕೊಂಡ ಮೇಲೆ ಠೇವಣಿಯ ಹಣ ಯಾರಿಗೂ ಕೊಡಬೇಡಿ ಎಂದು ಅಣ್ಣನಿಂದ ಒಂದು ಕಾಗದ, ತಮ್ಮನಿಂದ ಇನ್ನೊಂದು. ಜಂಟಿ ಲಾಕರಿನ ಬೀಗ ವರ್ಷಗಟ್ಟಲೆ ತೆರೆಯುವುದಿಲ್ಲ. ನಾಮಿನಿಯಾದವನು ಹಣ ತನ್ನದೇ ಎಂದು ತಿಳಿಯುತ್ತಾನೆ. ಅವನು ವಾರಸುದಾರರ ಪರವಾಗಿ ಹಣ ಪಡೆಯುವವನು ಮಾತ್ರ ಎಂದು ಹೇಳಿದರೆ ನಮ್ಮ ಮೇಲೆಯೇ ಸಿಟ್ಟು. ವಲಸೆ ಬಂದ ಕುಟುಂಬಗಳಲ್ಲಿ ಇದು ಇನ್ನೂ ತೊಡಕು. ಊರಿನಲ್ಲಿ ಉಳಿದ ಅಣ್ಣ 'ತೋಟ ನೋಡಿಕೊಂಡವನು ನಾನು, ಅಪ್ಪ ಅಮ್ಮನನ್ನು ಸಾಕಿದವನು ನಾನು' ಎನ್ನುತ್ತಾನೆ. ಮುಂಬಯಿಗೆ ಬಂದ ತಮ್ಮ 'ಚಾಳಿನ ಒಂದು ಕೋಣೆಯಲ್ಲಿ ಆರು ಜನ ಮಲಗಿ ಮನಿಯಾರ್ಡರ್ ಕಳಿಸಿದವನು ನಾನು' ಎನ್ನುತ್ತಾನೆ. 2005ರ ತಿದ್ದುಪಡಿಯಿಂದ ಮಗನಷ್ಟೇ ಹಕ್ಕು ಪಡೆದ ಅಕ್ಕ ತಂಗಿಯರು 'ನಮ್ಮನ್ನು ಕೇಳಿದವರು ಯಾರು?' ಎನ್ನುತ್ತಾರೆ. ಮೂವರು ಹೇಳುವುದೂ ನಿಜವೇ.

ವಾಣಿಜ್ಯಶಾಸ್ತ್ರ ಓದಿದವರಿಗೆ ಒಂದು ಪಾಠ ನೆನಪಿರಬಹುದು. ಬ್ಯಾಂಕಿನ ಪಾಸ್‌ಬುಕ್ಕಿನ ಶಿಲ್ಕಿಗೂ ವ್ಯಾಪಾರಿಯ ನಗದು ಪುಸ್ತಕದ ಶಿಲ್ಕಿಗೂ ಎಷ್ಟೋ ಸಲ ಹೊಂದಿಕೆಯಾಗುವುದಿಲ್ಲ. ಇಬ್ಬರೂ ಪ್ರಾಮಾಣಿಕರೇ, ಒಬ್ಬರು ಬರೆದುದು ಇನ್ನೊಬ್ಬರಿಗೆ ಇನ್ನೂ ತಲುಪಿಲ್ಲ, ಅಷ್ಟೆ. ಕಳ್ಳ ಯಾರೆಂದು ಹುಡುಕುವ ಬದಲು ಸಾಲು ಸಾಲಾಗಿ ತಾಳೆ ನೋಡಿದರೆ ಲೆಕ್ಕ ಕೂಡುತ್ತದೆ. ಮನೆಯ ಜಗಳದಲ್ಲಿ ಮಧ್ಯಸ್ಥನು ಮಾಡುವುದೂ ಇದನ್ನೇ. ಅವನು ಮೊದಲು ಎಲ್ಲರನ್ನೂ ಕೂಡಿಸಿ, ಆಮೇಲೆ ಒಬ್ಬೊಬ್ಬರನ್ನೇ ಬೇರೆ ಕೂಡಿಸಿ ಕೇಳುತ್ತಾನೆ. ಬೇರೆಯಾಗಿ ಕೇಳಿದುದನ್ನು ಅವರ ಅಪ್ಪಣೆಯಿಲ್ಲದೆ ಇನ್ನೊಬ್ಬರಿಗೆ ಹೇಳುವುದಿಲ್ಲ. ಆಗ ತಿಳಿಯುವುದೇನೆಂದರೆ, ಅಣ್ಣನಿಗೆ ಬೇಕಾದುದು ತೋಟವೇ. ತಮ್ಮನಿಗೆ ಬೇಕಾದುದು ತೋಟವಲ್ಲ, ವರ್ಷಕ್ಕೊಮ್ಮೆ ಹೋಗಿ ಇಳಿಯಲು ಹಿರಿಯರ ಮನೆಯಲ್ಲಿ ಒಂದು ಕೋಣೆ. ತಂಗಿಗೆ ಬೇಕಾದುದು ಹಣದ ಜೊತೆಗೆ, ತನ್ನನ್ನೂ ಕರೆದು ಕೇಳಿದರೆಂಬ ಒಂದು ಮಾತು. ಕೋರ್ಟು ಗುಂಟೆಯ ಲೆಕ್ಕದಲ್ಲಿ ಪಾಲು ಹಾಕೀತು. ಈ ಕೋಣೆಯನ್ನೂ ಈ ಮಾತನ್ನೂ ಡಿಕ್ರಿಯಲ್ಲಿ ಬರೆಯಲು ಬರುವುದಿಲ್ಲ.

ಕೋರ್ಟುಗಳೂ ಇದನ್ನು ಮನಗಂಡಿವೆ. 1982ರಲ್ಲಿ ಗುಜರಾತಿನ ಜುನಾಗಢ ಜಿಲ್ಲೆಯ ಊನಾದಲ್ಲಿ ಲೋಕ ಅದಾಲತ್ ಆರಂಭವಾಯಿತು. 1987ರ ಕಾಯ್ದೆ ಅದಕ್ಕೆ ಕಾನೂನಿನ ಆಧಾರ ಕೊಟ್ಟಿತು. ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ಹಿಂದಕ್ಕೆ ಬರುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಕಲಮು 2002ರಲ್ಲಿ ಜಾರಿಗೆ ಬಂದು, ಮೊಕದ್ದಮೆಯನ್ನು ಸಂಧಾನಕ್ಕೆ ಕಳಿಸುವ ದಾರಿ ತೆರೆಯಿತು. 2005ರಲ್ಲಿ ಚೆನ್ನೈಯಲ್ಲಿಯೂ ದೆಹಲಿಯಲ್ಲಿಯೂ, 2007ರಲ್ಲಿ ನಮ್ಮ ಬೆಂಗಳೂರಿನಲ್ಲಿಯೂ ಕೋರ್ಟಿಗೆ ಸೇರಿದ ಸಂಧಾನ ಕೇಂದ್ರಗಳು ಬಂದವು. 2010ರಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪು ಆ ಕಲಮಿನಲ್ಲಿ ಎರಡು ಮಾತುಗಳ ಅರ್ಥ ಅದಲುಬದಲಾಗಿದೆ ಎಂದು ತೋರಿಸಿ ನೇರ್ಪಡಿಸಿತು. ಸಂಸಾರದ ಜಗಳ, ಪಾಲು, ಬಾಡಿಗೆ, ನೆರೆಹೊರೆ, ಮಾಲೀಕ–ನೌಕರರ ತಕರಾರು ಇವೆಲ್ಲ ಇಂಥ ದಾರಿಗೆ ತಕ್ಕವೆಂದೂ ಅದು ಹೇಳಿತು. ಅದನ್ನು ಬರೆದವರು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದ ಆರ್. ವಿ. ರವೀಂದ್ರನ್ ಅವರು.

ಮುದಿ ತಂದೆತಾಯಿಗಳ ಪಾಲನೆಗಾಗಿ ಬಂದ 2007ರ ಕಾಯ್ದೆಯಲ್ಲಿಯೂ, ಮಕ್ಕಳ ಮೇಲಿನ ಅರ್ಜಿಯನ್ನು ವಿಚಾರಿಸುವ ಮೊದಲು ಸಂಧಾನಾಧಿಕಾರಿಯ ಬಳಿಗೆ ಕಳಿಸುವ ಅವಕಾಶವಿದೆ. 2023ರ ಸಂಧಾನ ಕಾಯ್ದೆಯು 120 ದಿನಗಳ ಗಡುವನ್ನೂ, ಬೇಕಾದರೆ ಇನ್ನು 60 ದಿನಗಳನ್ನೂ ಇಟ್ಟಿದೆ. ಆಡಿದ ಮಾತು ಗುಟ್ಟಾಗಿರಬೇಕೆಂದೂ ಸಹಿಯಾದ ಒಪ್ಪಂದ ಡಿಕ್ರಿಯಂತೆ ನಡೆಯಬೇಕೆಂದೂ ಅದರಲ್ಲಿದೆ.

ಎಲ್ಲಿ ಸಲ್ಲದು

ಸಂಧಾನವನ್ನು ಹೊಗಳುವಾಗ ಅದರ ಎಲ್ಲೆಯನ್ನೂ ಹೇಳಬೇಕು. ಒಬ್ಬನು ಹೊಡೆಯುವವನು, ಇನ್ನೊಬ್ಬಳು ಹೊಡೆಸಿಕೊಳ್ಳುವವಳು ಆಗಿರುವಲ್ಲಿ 'ಹೊಂದಿಕೊಂಡು ಹೋಗಮ್ಮ' ಎನ್ನುವುದು ಸಂಧಾನವಲ್ಲ, ಹೊಡೆತಕ್ಕೆ ಸಾಕ್ಷಿಯಾಗುವುದು. ಕೆಲಸದ ಸ್ಥಳದಲ್ಲಿ ಹೆಂಗಸರಿಗಾಗುವ ಲೈಂಗಿಕ ಕಿರುಕುಳದ ಬಗೆಗಿನ 2013ರ ಕಾಯ್ದೆ ಇದನ್ನು ಚೆನ್ನಾಗಿ ಅರಿತಿದೆ: ದೂರು ಕೊಟ್ಟವಳೇ ಕೇಳಿದರೆ ಮಾತ್ರ ರಾಜಿಯ ಮಾತು, ಆ ರಾಜಿಗೆ ಹಣ ಆಧಾರವಾಗಕೂಡದು. ಹಾಗೆಯೇ ಜಾತಿ ಪಂಚಾಯಿತಿಗಳು ಸಂಧಾನದ ಹೆಸರಿನಲ್ಲಿ ದಂಡ ಹಾಕಿ ಬಹಿಷ್ಕಾರ ವಿಧಿಸುವುದನ್ನು ಕಂಡೇ ಮಹಾರಾಷ್ಟ್ರದ ಶಾಸನಸಭೆ 2016ರಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ ಕಾಯ್ದೆ ಮಾಡಿತು. ಎದ್ದು ಹೋಗುವ ಸ್ವಾತಂತ್ರ್ಯವಿಲ್ಲದ ಜಾಗದಲ್ಲಿ ಕೂಡಿಸಿ ಮಾಡಿಸಿದುದು ರಾಜಿಯಲ್ಲ, ಶರಣಾಗತಿ.

ಈ ಸಂಘದ ಕೆಲಸ

ಇಷ್ಟೆಲ್ಲ ಚರಿತ್ರೆಯನ್ನು ರಾಜ್ಯೋತ್ಸವದ ಸಂಚಿಕೆಯಲ್ಲಿ ಏಕೆ ಹೇಳಬೇಕಾಯಿತು ಎಂದು ಕೇಳುವಿರಾದರೆ, ಕಾರಣವುಂಟು. 2023ರ ಕಾಯ್ದೆಯಲ್ಲಿ 'ಸಮುದಾಯ ಸಂಧಾನ'ವೆಂಬ ಅಧ್ಯಾಯವೊಂದಿದೆ. ಒಂದು ಪ್ರದೇಶದ ನೆಮ್ಮದಿಯನ್ನು ಕೆಡಿಸುವಂಥ ನೆರೆಹೊರೆಯ, ಕುಟುಂಬಗಳ ಜಗಳಗಳಿಗೆ, ಎರಡೂ ಪಕ್ಷದ ಒಪ್ಪಿಗೆಯಿಂದ ಮೂವರ ಮಂಡಳಿಯನ್ನು ರಚಿಸುವ ಕ್ರಮವನ್ನು ಅದು ರೂಪಿಸಿದೆ. ನಡತೆಯಿಂದ ಗೌರವ ಪಡೆದವರು, ಸಮಾಜಕ್ಕೆ ದುಡಿದವರು, ನಿವಾಸಿಗಳ ಸಂಘದ ಪ್ರತಿನಿಧಿಗಳು ಅದರಲ್ಲಿ ಇರಬಹುದು. ಅಲ್ಲಿ ಆದ ಒಪ್ಪಂದ ಕೋರ್ಟಿನ ಡಿಕ್ರಿಯಂತೆ ಜಾರಿಯಾಗುವುದಿಲ್ಲ. ಕೊಟ್ಟ ಮಾತೇ ಅದರ ಬಲ. ಕಾನೂನಿನ ಮಂಡಳಿ ಸರಕಾರದಿಂದಲೇ ಬರಲಿ. ಆದರೆ ಜಗಳ ಅಲ್ಲಿಯ ತನಕ ಹೋಗುವ ಮೊದಲೇ ನಮ್ಮ ಸಂಘದ ಕೋಣೆಯಲ್ಲಿ ತಿಂಗಳಿಗೊಂದು ಭಾನುವಾರ ಮೂವರು ಹಿರಿಯರು, ಅವರಲ್ಲಿ ಒಬ್ಬರಾದರೂ ಹೆಂಗಸು, ಕಾನೂನು ಬಲ್ಲವರೊಬ್ಬರು, ಕನ್ನಡದಲ್ಲಿ ಕೇಳಲು ಕುಳಿತರೆ ಆಗದೇ? ಕಷ್ಟವನ್ನು ತಾಯ್ನುಡಿಯಲ್ಲಿ ಹೇಳಿಕೊಂಡರೆ ಅರ್ಧ ಭಾರ ಇಳಿಯುತ್ತದೆ. ವಕೀಲರ ಇಂಗ್ಲಿಷಿನಲ್ಲಿ ಅಣ್ಣ 'ಪ್ರತಿವಾದಿ ನಂಬರ್ ಒಂದು' ಆಗಿಬಿಡುತ್ತಾನೆ. ಕನ್ನಡದಲ್ಲಿ ಅವನು ಇನ್ನೂ ಅಣ್ಣನೇ.

ಬೇರೆ ಬೇರೆ ಜಾತಿಯವರು, ಬೇರೆ ಬೇರೆ ವೃತ್ತಿಯವರು, ಒಂದೇ ಸ್ಥಳದಲ್ಲಿ ವಾಸಿಸುವವರು: ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಕುಳಿತು ವಿವರಿಸಿದ ಪೂಗ ಇದೇ ಅಲ್ಲವೇ? ಹೋಟೆಲಿನವರು, ಬ್ಯಾಂಕಿನವರು, ಮಾಸ್ತರರು, ಕಂಪ್ಯೂಟರಿನವರು ಎಲ್ಲರೂ ಸೇರಿ ಕಟ್ಟಿದ ಈ ಸಂಘ ವರ್ಷಕ್ಕೊಂದು ನಾಟಕ, ಒಂದು ಮೆರವಣಿಗೆ ನಡೆಸಿದರೆ ಸಾಲದು. ಅಣ್ಣತಮ್ಮಂದಿರನ್ನು ಒಂದು ಚಾಪೆಯ ಮೇಲೆ ಕೂಡಿಸುವ ಕೆಲಸವೂ ರಾಜ್ಯೋತ್ಸವವೇ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ಮಾತನ್ನು ಎತ್ತಿಕೊಳ್ಳಬೇಕೆಂದು ನಮ್ಮ ಬಿನ್ನಹ.